ಉಗುರುಬೆಚ್ಚಗಿನ ಎಂಜಿನ್ನು

ನಮ್ಮ ಗ್ಯಾರೇಜಿನ ಮೇಸ್ತ್ರಿಗೆ ಕೈಗುಣ ಇದೆ ಎಂದು ಜನ ಹೇಳುತ್ತಿದ್ದರು. ಡಾಕ್ಟರಿಗೆ ಕೈಗುಣ ಅನ್ನುತ್ತಾರೆ, ಸೂಲಗಿತ್ತಿಗೆ ಅನ್ನುತ್ತಾರೆ. ನಮ್ಮಲ್ಲಿ ಎಂಜಿನ್ ಮೇಸ್ತ್ರಿಗೆ ಅಂದರು. ಬಂದ ಗಾಡಿಯ ಬಾನೆಟ್ ಎತ್ತಿಸಿ, ಸ್ಟಾರ್ಟ್ ಮಾಡಿಸಿ, ರೇಡಿಯೇಟರಿನ ಮೇಲಿನ ಹೋಸಿನ ಮೇಲೆ ಅಂಗೈ ಇಡುತ್ತಿದ್ದರು. ಆಮೇಲೆ ಕೆಳಗಿನ ಹೋಸಿನ ಮೇಲೆ. ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡು, ಕಾಯಿಲೆ ಇಂಥದ್ದು ಅನ್ನುತ್ತಿದ್ದರು. ಹೆಚ್ಚು ಸಲ ಅದೇ ಆಗಿರುತ್ತಿತ್ತು. ಆಗದಿದ್ದಾಗ ಗಾಡಿಯವನನ್ನೇ ಬೈಯುತ್ತಿದ್ದರು.

ನಾನು ಅಲ್ಲಿ ಲೇತ್ ಕೆಲಸದವನು. ಅವರ ಪಕ್ಕದಲ್ಲೇ ನನ್ನ ಯಂತ್ರ ಇತ್ತು. ನನ್ನನ್ನು ಅವರು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. 'ಏ ತಿರುಪು' ಅನ್ನುತ್ತಿದ್ದರು. ದಿನವಿಡೀ ಏನನ್ನಾದರೂ ತಿರುಗಿಸುತ್ತಿರುತ್ತೇನಲ್ಲ, ಅದಕ್ಕೆ.

ಗ್ಯಾರೇಜ್ ಅವರ ಮಾವನದು. ಮಾವ ತೀರಿಕೊಂಡ ಮೇಲೆ ಮಗನ ಕೈಗೆ ಬಂತು. ಆ ಮಗ ಮೇಸ್ತ್ರಿಯ ಹೆಂಡತಿಗೆ ತಮ್ಮ. ಎದುರಿಗೆ ನಾವೆಲ್ಲ 'ಯಜಮಾನರೇ' ಅನ್ನುತ್ತಿದ್ದೆವು. ಹಿಂದಿನಿಂದ 'ಬಾಮೈದ'. ಮೇಸ್ತ್ರಿಯ ಹೆಂಡತಿ ನಮಗೆಲ್ಲ ಅಕ್ಕ. ಗಂಡ ಹೆಂಡತಿ ಇಬ್ಬರೂ ಗ್ಯಾರೇಜಿನ ಮೇಲಿನ ರೂಮಿನಲ್ಲಿ ಇದ್ದರು. ಒಂದೇ ರೂಮು. ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಕೆಳಗೆ ದೊಡ್ಡ ಎಂಜಿನ್ ಓಡಿದರೆ ಮೇಲೆ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಮಕ್ಕಳಿರಲಿಲ್ಲ.

ಮೇಸ್ತ್ರಿಯ ನಾಲಿಗೆ ಒಳ್ಳೆಯದಲ್ಲ. ಗಿರಾಕಿಗಳ ಮುಂದೆಯೇ ಬಾಮೈದನಿಗೆ ಚುಚ್ಚುತ್ತಿದ್ದರು.

"ನಮ್ಮ ಯಜಮಾನರಿಗೆ ಎಂಜಿನ್ ಬಗ್ಗೆ ಎಲ್ಲಾ ಗೊತ್ತು ಕಣ್ರೀ. ಮುಂದುಗಡೆ ಇರುತ್ತೆ ಅನ್ನೋ ತನಕ ಗೊತ್ತು."

ಜನ ನಗುತ್ತಿದ್ದರು. ಬಾಮೈದನೂ ನಗುತ್ತಿದ್ದ. ಅವನ ಹಲ್ಲು ಮಾತ್ರ ನಗುತ್ತಿತ್ತು.

ಮೇಸ್ತ್ರಿಗೆ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ನುಂಗುತ್ತಿದ್ದರು, ನೆನಪಾದಾಗ. ಮೊದಲು ಪಾದ ಜೋಮು ಹಿಡಿಯಿತು. ಚಪ್ಪಲಿ ಜಾರಿ ಹಿಂದೆ ಉಳಿದರೂ ತಿಳಿಯದೆ ಬರಿಗಾಲಲ್ಲಿ ನಡೆದು ಬರುತ್ತಿದ್ದರು.

"ಮೇಸ್ತ್ರಿ, ಒಂದು ಚಪ್ಪಲಿ ಅಲ್ಲೇ ಬಿಟ್ಟಿದ್ದೀರ."

"ಬೇಕಂತಲೇ ಬಿಟ್ಟೆ ಕಣೋ ತಿರುಪು. ತಾನಾಗೇ ಬರುತ್ತಾ ನೋಡೋಣ ಅಂತ."

ಆಮೇಲೆ ಬೆರಳಿಗೆ ಬಂತು. ಅದರ ಬಗ್ಗೆ ತಮಾಷೆ ಮಾಡಲಿಲ್ಲ. ಯಾರಿಗೂ ಹೇಳಲೂ ಇಲ್ಲ. ನಾನು ಪಕ್ಕದಲ್ಲಿದ್ದವನು, ಕಣ್ಣಿಗೆ ಬಿತ್ತು. ಅಂಗೈಯನ್ನು ಹೋಸಿನ ಮೇಲೆ ಇಡುತ್ತಿದ್ದರು, ಅದು ನೋಡುವವರಿಗೆ. ಅದೇ ಹೊತ್ತಿಗೆ ಇನ್ನೇನೋ ನೋಡಲು ಬಗ್ಗಿದ ಹಾಗೆ ಮಾಡಿ ಮೊಣಕೈಯ ಒಳಭಾಗ ತಾಗಿಸುತ್ತಿದ್ದರು. ಮಗುವಿನ ಸ್ನಾನದ ನೀರನ್ನು ತಾಯಂದಿರು ನೋಡುವ ಹಾಗೆ. ಅಲ್ಲಿಯ ಚರ್ಮಕ್ಕೆ ಇನ್ನೂ ಜೀವ ಇತ್ತು. ಅನುಮಾನ ಬಂದರೆ ಬೆರಳಿಗೆ ಎಂಜಲು ಹಚ್ಚಿ ತಾಗಿಸಿ, ಚುಯ್ ಅನ್ನುತ್ತದಾ ಎಂದು ಕಿವಿ ಕೊಡುತ್ತಿದ್ದರು. ಹೇಳಿದ್ದು ಮಾತ್ರ ಮೊದಲಿನಷ್ಟೇ ಸರಿ ಇರುತ್ತಿತ್ತು.

ಅಕ್ಕನಿಗೂ ಗೊತ್ತಾಗಿತ್ತು. ಒಂದು ಬೆಳಿಗ್ಗೆ ಮೇಸ್ತ್ರಿ ಒಲೆಯ ಮೇಲಿನ ಬಾಣಲೆಯನ್ನು ಬರಿಗೈಯಲ್ಲಿ ಇಳಿಸಿ, ಹಾಗೇ ಹಿಡಿದುಕೊಂಡು ಮಾತಾಡುತ್ತಾ ನಿಂತಿದ್ದರಂತೆ. ಅಕ್ಕ ಕೆಳಗೆ ಬಂದು ತಮ್ಮನನ್ನು ನನ್ನ ಲೇತಿನ ಹತ್ತಿರ ಕರೆದರು. ನಾನು ಅಲ್ಲೇ ಇದ್ದೆ. ನನ್ನನ್ನು ಅವರು ಹೊರಗಿನವನು ಅಂದುಕೊಂಡಿರಲಿಲ್ಲ.

"ನಿನ್ನ ಭಾವನ ಕೈಗೆ ಬಿಸಿ ತಣ್ಣಗೆ ಗೊತ್ತಾಗ್ತಿಲ್ಲ ಕಣೋ. ಕಾದ ಗಾಡಿ ಮುಟ್ಟೋಕೆ ಬಿಡಬೇಡ. ಕೂತು ಮಾಡೋ ಕೆಲಸ ಏನಾದ್ರೂ ಕೊಡು. ನಾನು ಹೇಳಿದೆ ಅನ್ಬೇಡ, ಸಾಯಿಸಿಬಿಡ್ತಾರೆ."

"ಆಯ್ತು ಅಕ್ಕ. ನಾನು ನೋಡ್ಕೋತೀನಿ," ಅಂದ ಬಾಮೈದ.

ಅಕ್ಕನಿಗೆ ಸಮಾಧಾನ ಆಯಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಮೇಲೆ ಹೋದರು.

ಅದಾಗಿ ಸ್ವಲ್ಪ ದಿನಕ್ಕೆ ಆ ಲಾರಿ ಬಂತು. ಹಳೆಯ ಕಾಲದ್ದು, ಮೂತಿ ಮುಂದಕ್ಕೆ ಚಾಚಿದ ಲಾರಿ. ಬಾನೆಟ್ ಗುಂಡಗೆ, ದೀಪಗಳು ಕಪ್ಪೆ ಕಣ್ಣಿನ ಹಾಗೆ ಹೊರಗೆ. ಅದರ ಮಾಲೀಕರಿಗೆ ಈಗ ಬೇಕಾದಷ್ಟು ಹೊಸ ಲಾರಿಗಳಿವೆ. ಇದು ಅವರಪ್ಪ ಮೊದಲು ಕೊಂಡದ್ದು. ಬಣ್ಣ ಹೊಡೆಸಿ, ಸೀಟು ಹೊಲಿಸಿ ಮಗುವಿನ ಹಾಗೆ ಇಟ್ಟಿದ್ದರು. ಕಾಯಿಲೆ ಒಂದೇ. ಎಷ್ಟು ಓಡಿಸಿದರೂ ಎಂಜಿನ್ ಬಿಸಿ ಆಗುತ್ತಿರಲಿಲ್ಲ. ಮೀಟರಿನ ಮುಳ್ಳು ತಳ ಬಿಟ್ಟು ಏಳುತ್ತಿರಲಿಲ್ಲ. ಬೆಳ್ಳಗೆ ಹೊಗೆ, ಡೀಸೆಲ್ ಕುಡಿಯುವುದು ಜಾಸ್ತಿ, ಏರು ಬಂದರೆ ಏದುಸಿರು.

"ಬಿಸಿಯಾಗೋ ಗಾಡಿ ನೋಡಿದ್ದೀನಿ. ತಣ್ಣಗಿದೆ ಅಂತ ಗ್ಯಾರೇಜಿಗೆ ತಂದವರು ನೀವೇ ಮೊದಲು ಸ್ವಾಮಿ," ಅಂದ ಎದುರಿನ ಟೈರ್ ಅಂಗಡಿಯವನು. ಅವನು ಯಾವಾಗಲೂ ನಮ್ಮಲ್ಲೇ ಇರುತ್ತಿದ್ದ.

"ನೀನು ಟೈರಿಗೆ ಗಾಳಿ ಹಾಕು, ಇಲ್ಲಿ ಹಾಕಬೇಡ," ಅಂದರು ಮೇಸ್ತ್ರಿ. "ತಣ್ಣಗಿರೋ ಎಂಜಿನ್ ಒಳಗೊಳಗೇ ಸವೀತದೆ. ಬಿಸಿಯಾದದ್ದು ಕೂಗಿ ಹೇಳುತ್ತೆ. ಇದು ಹೇಳಲ್ಲ."

ಲಾರಿಯ ಮಾಲೀಕರು ಬೇರೆ ಕಡೆ ತೋರಿಸಿ ಬಂದಿದ್ದರು. ಒಬ್ಬರು ಮೀಟರ್ ಬದಲಾಯಿಸಿದ್ದರು. ಇನ್ನೊಬ್ಬರು ನೀರು ತಡೆಯುವ ವಾಲ್ವ್ ಹೊಸದು ಹಾಕಿದ್ದರು. ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ಮುಚ್ಚಿಕೊಂಡಿರುವುದು ಆ ವಾಲ್ವಿನ ಕೆಲಸ. ಏನು ಮಾಡಿದರೂ ಮುಳ್ಳು ಏಳಲಿಲ್ಲ.

"ನಮ್ಮಪ್ಪ ಹೇಳೋರು ಮೇಸ್ತ್ರಿ," ಅಂದರು ಅವರು. "ಇಲ್ಲೊಬ್ಬರು ಇದ್ದಾರೆ, ಬರೀ ಕೈ ಇಟ್ಟು ಹೇಳ್ತಾರೆ ಅಂತ. ಇದನ್ನ ಸರಿ ಮಾಡಿಕೊಟ್ರೆ ನನ್ನ ಅಷ್ಟೂ ಲಾರಿ ಇಲ್ಲಿಗೇ ಬರುತ್ತೆ."

ಬಾಮೈದನ ಕಿವಿ ನೆಟ್ಟಗಾಯಿತು. ಅವರು ಹೋದ ಮೇಲೆ ಮೇಸ್ತ್ರಿಯ ಹತ್ತಿರ ಬಂದ.

"ಭಾವ, ಇದು ನಿಮ್ಮ ಕೈಲಿ ಆಗ್ಲಿಲ್ಲ ಅಂದ್ರೆ ಮೇಲಿನ ರೂಮು ಖಾಲಿ ಮಾಡಿಕೊಡಿ. ನಂಗೆ ಸಾಮಾನು ಇಡೋಕೆ ಜಾಗ ಇಲ್ಲ. ಬೇರೆ ಮೇಸ್ತ್ರಿಯನ್ನೂ ನೋಡಿದ್ದೀನಿ."

"ಆದ್ರೆ?"

"ಆದ್ರೆ ನೀವಿರೋ ತನಕ ಇರಿ. ನಾನೇನಾದ್ರೂ ಅಂದ್ರೆ ಕೇಳಿ."

"ಎಲ್ರ ಮುಂದೆ ಹೇಳಿದ್ದೀಯ. ಮರೀಬೇಡ ಮಗನೇ," ಅಂದರು ಮೇಸ್ತ್ರಿ.

ಮಾರನೆಯ ದಿನ ಬೆಳಿಗ್ಗೆ ಮೇಸ್ತ್ರಿ ಕೆಲಸ ಹಿಡಿದರು. ಬಾಮೈದ ಬಿಸಿ ಅಳೆಯುವ ಪಿಸ್ತೂಲು ಹೊಸದಾಗಿ ತಂದಿದ್ದ. ಗುರಿ ಹಿಡಿದು ಒತ್ತಿದರೆ ಎಷ್ಟು ಬಿಸಿ ಎಂದು ತೋರಿಸುತ್ತಿತ್ತು. ಎಲ್ಲರಿಗೂ ಉದ್ದ ತೋಳಿನ ನೀಲಿ ಕೋಟನ್ನೂ ತಂದಿದ್ದ. ದೊಡ್ಡವರು ಬರುತ್ತಾರೆ, ಎಲ್ಲರೂ ಹಾಕಿಕೊಳ್ಳಬೇಕು ಅಂದ. ಮೇಸ್ತ್ರಿಯ ಕೋಟಿನ ತೋಳು ಮಣಿಕಟ್ಟಿನ ತನಕ ಬಿಗಿಯಾಗಿತ್ತು.

ಮೇಸ್ತ್ರಿ ಮೊದಲು ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ತೆಗೆದರು. ಒಳಗೆ ಕೆನೆ ಕಟ್ಟಿದ ಹಾಗೆ ಬಿಳಿ ಜಿಡ್ಡು ಇತ್ತು. ಎಣ್ಣೆ ಅಳೆಯುವ ಕಡ್ಡಿ ಮೂಸಿದರು. ಡೀಸೆಲ್ ವಾಸನೆ.

"ಮುಳ್ಳು ಸುಳ್ಳು ಹೇಳ್ತಿಲ್ಲ. ಎಂಜಿನ್ ನಿಜವಾಗ್ಲೂ ಕಾದೇ ಇಲ್ಲ. ಕಾದಿದ್ರೆ ಈ ನೀರು ಆವಿಯಾಗಿ ಹೋಗಿರೋದು, ಎಣ್ಣೆ ಹಿಂಗೆ ಹಾಲಾಗ್ತಿರಲಿಲ್ಲ."

ಆಮೇಲೆ ರೇಡಿಯೇಟರಿನ ಮುಂದೆ ರಟ್ಟು ಅಡ್ಡ ಇಟ್ಟು ಓಡಿಸಿದರು. ಮುಳ್ಳು ಸ್ವಲ್ಪ ಎದ್ದಿತು. ರಟ್ಟು ತೆಗೆದರೆ ಮತ್ತೆ ಮಲಗಿತು. ಮೀಟರ್ ಸರಿ ಇದೆ ಎಂದಾಯಿತು. ವಾಲ್ವ್ ಬಿಚ್ಚಿಸಿ, ಅಕ್ಕನ ಹತ್ತಿರ ಪಾತ್ರೆ ಇಸಿದುಕೊಂಡು ನೀರಲ್ಲಿ ಕುದಿಸಿದರು. ನೀರು ಕುದಿಯುವಾಗ ವಾಲ್ವ್ ಬಾಯಿ ತೆರೆಯಿತು, ಆರಿದಾಗ ಮುಚ್ಚಿಕೊಂಡಿತು. ಅದೂ ಸರಿ ಇದೆ ಎಂದಾಯಿತು.

ಮೇಸ್ತ್ರಿ ವಾಲ್ವ್ ಕೂರುವ ಗೂಡಿನೊಳಗೆ ಬೆರಳು ಹಾಕಿ ಸುತ್ತ ಆಡಿಸಿದರು. ತೆಗೆದು ಬೆರಳನ್ನೇ ನೋಡಿಕೊಂಡರು. ಆಮೇಲೆ ಮೆಲ್ಲಗೆ ನನ್ನನ್ನು ಕರೆದರು.

"ಏ ತಿರುಪು. ನೀನು ಹಾಕು ಬೆರಳು. ಒಳಗೆ ಸುತ್ತ ಮೆಟ್ಟಿಲು ಇದೆಯಾ?"

"ಇದೆ ಮೇಸ್ತ್ರಿ. ಮೆಟ್ಟಿಲ ಮೇಲೆ ಏನೋ ಕೂತಿತ್ತು ಅನ್ಸುತ್ತೆ. ಈಗ ಖಾಲಿ."

ಅವರ ಮುಖ ಅರಳಿತು. "ಹಿತ್ತಾಳೆ ಬಳೆ. ಹೊಸ ವಾಲ್ವ್ ಹಾಕಿದವನು ಹಳೇದು, ಕಿಲುಬು ಅಂತ ಎಸೆದಿದ್ದಾನೆ ಬೇವರ್ಸಿ. ಈಗಿನ ವಾಲ್ವ್ ತೆಳ್ಳಗೆ. ಬಳೆ ಇಲ್ಲ ಅಂದ್ರೆ ಸುತ್ತ ಸಂದಿ. ವಾಲ್ವ್ ಮುಚ್ಚಿದ್ರೂ ನೀರು ಪಕ್ಕದಿಂದ ಜಾರಿಕೊಂಡು ಹೋಗುತ್ತೆ."

"ಹಂಗಾದ್ರೆ ಈಗಲೇ ಒಂದು ಬಳೆ ಕಡೆದು ಕೊಡ್ತೀನಿ."

"ಬಾಯಿ ಮುಚ್ಚು. ವಾಪಸ್ ಜೋಡಿಸು. ಮಧ್ಯಾಹ್ನ ಅವರು ಬರ್ಲಿ, ಎಂಜಿನ್ ತಣ್ಣಗಾಗಿರ್ಲಿ. ಕೈ ಇಟ್ಟು ಹೇಳ್ತೀನಿ. ಅವರಪ್ಪ ಕಂಡಿದ್ದು ಅದನ್ನೇ."

ಕಾಯಿಲೆ ಸಿಕ್ಕಿ ಆಗಿತ್ತು. ಹೇಳಿಬಿಟ್ಟಿದ್ದರೆ ರೂಮು ಉಳಿಯುತ್ತಿತ್ತು. ಆದರೆ ಕೈ ಇಡದೆ ಹೇಳುವುದು ಮೇಸ್ತ್ರಿಗೆ ಒಗ್ಗುತ್ತಿರಲಿಲ್ಲ.

ಮಧ್ಯಾಹ್ನ ಲಾರಿಯ ಮಾಲೀಕರು ಜೊತೆಗಾರರನ್ನು ಕರೆದುಕೊಂಡು ಬಂದರು. ಕುರ್ಚಿ ಹಾಕಿದೆವು. ಟೈರಿನವನು ಅಂಗಡಿ ಬಿಟ್ಟು ಬಂದ. ಅಕ್ಕ ಮೇಲೆ ಮೆಟ್ಟಿಲ ತುದಿಯಲ್ಲಿ ನಿಂತಿದ್ದರು. ಡ್ರೈವರ್ ಲಾರಿ ಸ್ಟಾರ್ಟ್ ಮಾಡಿದ.

"ನೋಡಿ ಸ್ವಾಮಿ," ಅಂದರು ಮೇಸ್ತ್ರಿ. "ಎಂಜಿನ್ ಕಾಯೋ ತನಕ ಈ ಮೇಲಿನ ಹೋಸು ತಣ್ಣಗೇ ಇರಬೇಕು. ಆಮೇಲೆ ಒಂದೇ ಸಲ ಬಿಸಿ ಬರಬೇಕು, ಬಾಗಿಲು ತೆಗೆದ ಹಾಗೆ. ಈಗಿಂದಲೇ ಬೆಚ್ಚಗಾಗ್ತಾ ಬಂತು ಅಂದ್ರೆ, ಬಾಗಿಲು ಹಾಕಿದೆ, ಪಕ್ಕದ ಗೋಡೆ ಬಿದ್ದಿದೆ ಅಂತ ಲೆಕ್ಕ."

"ವಾಹ್," ಅಂದರು ಮಾಲೀಕರು.

ಸ್ವಲ್ಪ ಹೊತ್ತು ಎಂಜಿನ್ ಓಡಿತು. ಮೇಸ್ತ್ರಿ ಕೋಟಿನ ತೋಳು ಮಡಚಲು ಹೋದರು.

"ತೋಳು ಯಾಕೆ ಮಡಚ್ತೀರ ಭಾವ?" ಅಂದ ಬಾಮೈದ. "ಹೊಸ ಕೋಟು. ಮುದುರಿ ಹೋಗುತ್ತೆ."

"ಸೆಕೆ ಕಣೋ."

"ತಣ್ಣಗಿರೋ ಎಂಜಿನ್ ಮುಂದೆ ಸೆಕೆನಾ ಭಾವ?"

ಎಲ್ಲರೂ ನಕ್ಕರು. ಮೇಸ್ತ್ರಿ ತೋಳು ಬಿಟ್ಟರು. ಬಾಮೈದ ಕುರ್ಚಿಗಳ ಕಡೆ ತಿರುಗಿದ.

"ನಮ್ಮ ಭಾವನ ಕೈಗುಣ ನೀವು ಪೂರ್ತಿ ನೋಡಿಲ್ಲ. ಕಣ್ಣು ಕಟ್ಟಿದ್ರೂ ಹೇಳ್ತಾರೆ. ಪಿಸ್ತೂಲು ಒಂದು ಕಡೆ, ಭಾವ ಒಂದು ಕಡೆ. ಏನು ಭಾವ? ಆಗಲ್ಲ ಅಂದ್ರೆ ಬೇಡ ಬಿಡಿ."

"ಆಗಲ್ಲ ಅಂತ ಯಾರಂದ್ರು? ಕಟ್ಟು."

"ಬೇಡ ಕಣೋ," ಅಂದರು ಅಕ್ಕ ಮೇಲಿನಿಂದ.

"ಅಕ್ಕ, ಒಳಗೆ ಹೋಗು. ಅನ್ನ ಸೀದು ಹೋಗುತ್ತೆ."

ಟೈರಿನವನು ತನ್ನ ಟವೆಲ್ಲಿನಿಂದ ಮೇಸ್ತ್ರಿಯ ಕಣ್ಣು ಕಟ್ಟಿದ. ಬಾಮೈದ ಅವರ ಬಲಗೈ ಮಣಿಕಟ್ಟು ಹಿಡಿದು ಕೆಳಗಿನ ಹೋಸಿಗೆ ತಾಗಿಸಿದ.

"ಇದು?"

ಕೈ ಎಷ್ಟು ಕೆಳಗೆ ಹೋಯಿತು ಎಂದು ಮೈಗೆ ಗೊತ್ತಾಗುತ್ತದಲ್ಲ. "ತಣ್ಣಗೆ," ಅಂದರು. ಪಿಸ್ತೂಲೂ ಹಾಗೇ ಹೇಳಿತು. ಮೇಲಿನ ಹೋಸಿಗೆ ಇಟ್ಟ.

"ಬೆಚ್ಚಗೆ," ಅಂದರು. ಅದೂ ಸರಿಯಾಯಿತು. ಮಾಲೀಕರು ಚಪ್ಪಾಳೆ ತಟ್ಟಿದರು. ಅಲ್ಲಿಗೆ ಬಿಡಬಹುದಿತ್ತು.

ಬಾಮೈದ ನಮ್ಮ ಕಡೆ ನೋಡಿ ಕಣ್ಣು ಹೊಡೆದ. ಮೇಸ್ತ್ರಿಯ ಭುಜ ಹಿಡಿದು ಎಂಜಿನ್ನಿನ ಆ ಬದಿಗೆ ಕರೆದುಕೊಂಡು ಹೋದ. ಆ ಬದಿಯಲ್ಲಿ ಹೊಗೆ ಹೊರಗೆ ಹೋಗುವ ದಪ್ಪ ಕಬ್ಬಿಣದ ಕೊಳವೆ ಇದೆ. ನೀರು ಎಷ್ಟೇ ತಣ್ಣಗಿರಲಿ, ಆ ಕೊಳವೆ ಕಾಯುತ್ತದೆ. ಅದರ ಮೇಲೆ ನೀರು ಬಿದ್ದರೆ ಹಾರಿ ಹೋಗುತ್ತದೆ. ಕೈಯನ್ನು ಅದರ ಹತ್ತಿರ ಒಯ್ದು ಹೆದರಿಸಿ ಬಿಡುತ್ತಾನೆ ಅಂದುಕೊಂಡೆ. ಇಟ್ಟೇಬಿಟ್ಟ.

"ಇದು, ಭಾವ?"

ಮೇಸ್ತ್ರಿ ಯೋಚಿಸಿದರು. ತುಟಿ ಅಲ್ಲಾಡಿತು. ಬಿಸಿ ಅನ್ನಬೇಕೋ ತಣ್ಣಗೆ ಅನ್ನಬೇಕೋ ಅವರಿಗೆ ತಿಳಿಯಲಿಲ್ಲ. ಕೈಯನ್ನು ಯಾವಾಗಿನ ಹಾಗೆ ಬೆರಳು ಅಗಲಿಸಿ ಪೂರ್ತಿ ಊರಿದರು.

"ಉಗುರುಬೆಚ್ಚಗಿದೆ," ಅಂದರು.

ಟೈರಿನವನು ಹೋ ಎಂದು ನಕ್ಕ. ಕುರ್ಚಿಯ ಮೇಲಿದ್ದವರಿಗೆ ಇದು ಕಾಣುತ್ತಿರಲಿಲ್ಲ. ಅವರೂ ಅವನ ನಗು ಕೇಳಿ ನಕ್ಕರು.

"ಸರಿಯಾಗಿ ನೋಡಿ ಭಾವ."

ಮೇಸ್ತ್ರಿ ಇನ್ನೂ ಒತ್ತಿದರು. "ಉಗುರುಬೆಚ್ಚಗೆ ಕಣೋ. ನಂಗೆ ಹೇಳಿಕೊಡ್ತೀಯಾ?" ಆಮೇಲೆ ಮೂಗು ಅರಳಿಸಿದರು. "ಏ, ಏನೋ ಸುಡ್ತಾ ಇದೆ. ವೈರು ನೋಡ್ರೋ ಯಾರಾದ್ರೂ."

ನಾನು ಓಡಿ ಹೋಗಿ ಕೈ ಎಳೆದೆ. ಚರ್ಮ ಕೊಳವೆಯ ಮೇಲೇ ಉಳಿಯಿತು.

ಟವೆಲ್ ಬಿಚ್ಚಿಕೊಂಡು ಅವರು ಅಂಗೈ ನೋಡಿದರು. ಕೊಳವೆ ನೋಡಿದರು. ಒಂದು ಸಲವೂ ಅಯ್ಯೋ ಅನ್ನಲಿಲ್ಲ. ಅಕ್ಕ ಮೆಟ್ಟಿಲಿಂದ ಅಳುತ್ತಾ ಇಳಿದು ಬರುತ್ತಿದ್ದರು.

"ಬೇಡ ಅಂತ ಹೇಳಿದ್ನಲ್ಲೋ ಪಾಪಿ! ಅದಕ್ಕೇನೋ ನಿಂಗೆ ಹೇಳಿದ್ದು?"

ಅಕ್ಕನ ಬಾಯಿಂದ ಆ ಮಾತು ಬಂದು ಹೋಯಿತು. ಮೇಸ್ತ್ರಿ ತಲೆ ಎತ್ತಿ ಅವರನ್ನು ನೋಡಿದರು. ಅಲ್ಲಿಯ ತನಕ ಅವರ ಮುಖ ಸುಮ್ಮನಿತ್ತು. ಆಗ ಬದಲಾಯಿತು.

"ತಮಾಷೆಗೆ ಇಟ್ಟೆ," ಅಂದ ಬಾಮೈದ. "ಎಳಕೋತಾರೆ ಅಂದ್ಕೊಂಡೆ. ಯಾರಾದ್ರೂ ಇಟ್ಕೊಂಡೇ ಇರ್ತಾರಾ?"

ಮಾಲೀಕರು ಕರ್ಚೀಫು ಮೂಗಿಗೆ ಹಿಡಿದಿದ್ದರು. "ಪಾಪ. ಆಸ್ಪತ್ರೆಗೆ ಕರಕೊಂಡು ಹೋಗ್ರಪ್ಪ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಗಾಡಿ ಕಥೆ ಏನಾಯ್ತು?" ಅಂದರು.

ಬಳೆಯನ್ನು ನಾನೇ ಕಡೆದೆ. ಹಿತ್ತಾಳೆಯ ಕೊಳವೆ ತುಂಡು ಹುಡುಕಿ, ಗೂಡಿನ ಅಳತೆಗೆ ತಿರುಗಿಸಿ ಕೂರಿಸಿದೆ. ಲಾರಿ ಓಡಿಸಿದರೆ ಮೇಲಿನ ಹೋಸು ತುಂಬ ಹೊತ್ತು ತಣ್ಣಗಿತ್ತು, ಆಮೇಲೆ ಒಂದೇ ಸಲ ಬಿಸಿಯಾಯಿತು. ಮುಳ್ಳು ನಡುವಿಗೆ ಬಂದು ನಿಂತಿತು. ಬಾಮೈದ ಮಾಲೀಕರಿಗೆ ಪಿಸ್ತೂಲು ತೋರಿಸಿದ. ಇದರಿಂದಲೇ ಸಿಕ್ಕಿದ್ದು ಅಂದ.

"ಮೇಸ್ತ್ರಿ ಬೆಳಿಗ್ಗೆಯೇ ಹೇಳಿದ್ರು," ಅಂದೆ ನಾನು.

"ನಿನ್ನ ಕೆಲಸ ತಿರುಗಿಸೋದು. ತಿರುಗಿಸು," ಅಂದ.

ಮಾಲೀಕರ ಅಷ್ಟೂ ಲಾರಿ ನಮ್ಮಲ್ಲಿಗೆ ಬರತೊಡಗಿದವು. ಆಸ್ಪತ್ರೆಯಲ್ಲಿ ಮೇಸ್ತ್ರಿಯ ಗಾಯ ಮಾಯಲಿಲ್ಲ. ಸಕ್ಕರೆ ಇದ್ದವರಿಗೆ ಮಾಯುವುದಿಲ್ಲವಂತೆ. ಕೀವು ಆಯಿತು. ಎರಡು ಬೆರಳು ತೆಗೆದರು. ಉಳಿದವು ಮಡಚಲು ಬರಲಿಲ್ಲ. ಬಾಮೈದ ಒಂದು ಸಲ ನೋಡಲು ಹೋಗಿ, ಹಣ್ಣು ಇಟ್ಟು, ರೂಮಿನ ಮಾತು ಎತ್ತಿದ.

"ಭಾವ, ನಿಮ್ಮ ಕೈಲಿ ಆಗ್ಲಿಲ್ಲವಲ್ಲ. ಮಾತು ಮಾತೇ."

ಮೇಸ್ತ್ರಿ ಗೋಡೆ ಕಡೆ ತಿರುಗಿ ಮಲಗಿದರಂತೆ.

ಖಾಲಿ ಮಾಡಿದ ದಿನ ನಾನು ಸಾಮಾನು ಹೊತ್ತೆ. ಮೆಟ್ಟಿಲು ಇಕ್ಕಟ್ಟು. ನಾವು ಪಾತ್ರೆ ಇಳಿಸುತ್ತಿದ್ದರೆ ಹೊಸ ಕೆಲಸದವರು ಟೈರು ಹತ್ತಿಸುತ್ತಿದ್ದರು. "ಅಕ್ಕ, ಸ್ವಲ್ಪ ಪಕ್ಕಕ್ಕೆ ನಿಲ್ಲು, ಸಾಮಾನು ಹೋಗ್ಲಿ," ಅಂದ ಬಾಮೈದ. ಅಕ್ಕ ಒಲೆ ಎದೆಗೆ ಅವುಚಿಕೊಂಡು ಗೋಡೆಗೆ ಅಂಟಿ ನಿಂತರು. ಅವರಪ್ಪ ಕಟ್ಟಿಸಿದ ಗೋಡೆ ಅದು.

ಮೇಸ್ತ್ರಿ ಆಟೋದಲ್ಲಿ ಕೂತಿದ್ದರು. ಸಾಮಾನು ತುಂಬಿ ಆಯಿತು. ಅಕ್ಕ ಹತ್ತಲು ಬಂದರು. ಮೇಸ್ತ್ರಿ ಕಾಲು ಅಡ್ಡ ಇಟ್ಟರು.

"ನೀನು ಇಲ್ಲೇ ಇರು. ನಿನ್ನ ತಮ್ಮನ ಮನೆ."

"ರೀ, ನಿಮ್ಮ ಕೈ ಉಳೀಲಿ ಅಂತ ಹೇಳಿದ್ದು ರೀ."

"ಉಳೀತಲ್ಲ. ಮೂರು ಬೆರಳು ಉಳೀತು. ಸಾಕು." ಆಟೋದವನಿಗೆ ಹೋಗು ಅಂದರು.

ಆಟೋ ಹೋಯಿತು. ಅಕ್ಕ ಬೀದಿಯಲ್ಲಿ ನಿಂತರು. ಬಾಮೈದ ಬಾಗಿಲಿಂದ ನೋಡಿದ. "ಮೇಲೆ ಟೈರು ತುಂಬಿಬಿಟ್ಟಿದ್ದೀನಿ ಅಕ್ಕ," ಅಂದ. "ಇಲ್ಲ ಅಂದಿದ್ರೆ ಇರು ಅಂತಿದ್ದೆ." ಒಳಗೆ ಹೋದ.

ನಾನು ಅಕ್ಕನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದೆ. ಹೊಸ ಮನೆ ಒಂದು ಗಲ್ಲಿಯ ಕೊನೆಯ ರೂಮು, ನೀರಿನ ನಲ್ಲಿ ಹೊರಗೆ. ಸಾಮಾನು ಬಾಗಿಲ ಮುಂದೆ ಇಳಿಸಿ ಆಟೋದವನು ಹೋಗಿದ್ದ. ಮೇಸ್ತ್ರಿ ಎಡಗೈಯಲ್ಲಿ ಬೀಗದ ಕೈ ತಿರುಗಿಸಲು ನೋಡುತ್ತಿದ್ದರು. ಕೀಲಿ ತೂತಿಗೆ ಹೋಯಿತೋ ಇಲ್ಲವೋ ಆ ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಬೀಗದ ಸುತ್ತ ಗೀರುಗೀರು ಆಗಿತ್ತು. ಅಕ್ಕ ಹೋಗಿ ಅವರ ಕೈಯಿಂದ ಕೀಲಿ ತೆಗೆದುಕೊಂಡು ಬಾಗಿಲು ತೆಗೆದರು. ಮೇಸ್ತ್ರಿ ಒಳಗೆ ಹೋದರು. ಅಕ್ಕನೂ ಹೋದರು. ಅವರು ಬೇಡ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ.

ರಜೆಯ ದಿನ ನಾನು ಹೋಗಿ ಬರುತ್ತೇನೆ. ಅಕ್ಕ ಅವರಿಗೆ ಅಂಗಿಯ ಗುಂಡಿ ಹಾಕುತ್ತಾರೆ, ಕಲಸಿ ತುತ್ತು ಮಾಡಿ ಬಾಯಿಗೆ ಇಡುತ್ತಾರೆ, ಸ್ನಾನದ ನೀರನ್ನು ಮೊದಲು ತಮ್ಮ ಕೈಗೆ ಹುಯ್ದು ನೋಡುತ್ತಾರೆ. ಮೇಸ್ತ್ರಿ ಅವರ ಜೊತೆ ಮಾತಾಡುವುದಿಲ್ಲ. ನಾನು ಹೋದಾಗಲೇ ಮಾತು.

"ಏ ತಿರುಪು, ಅವಳಿಗೆ ಹೇಳು, ಟೀ ಸಾಕು ಅಂತ."

ಅಕ್ಕ ಲೋಟ ಹಿಡಿದು ಅವರ ಮೊಣಕಾಲಿಗೆ ತಾಗಿಕೊಂಡು ಕೂತಿರುತ್ತಾರೆ.

"ಅಕ್ಕ, ಟೀ ಸಾಕಂತೆ," ಅನ್ನುತ್ತೇನೆ.